ಗೇರಿಲ್ಲದ ಗೇರುಮನೆ

ಬೋಳಾರದ ನಮ್ಮ ಮನೆಗೆ ಗೇರುಮನೆ ಅಂತ ಹೆಸರು.
ಹಿತ್ತಲಲ್ಲಿ ಎರಡು ತೆಂಗು, ಒಂದು ಬಿಂಬುಳಿ, ಬಾವಿಕಟ್ಟೆ.
ಗೇರು ಮಾತ್ರ ಇಲ್ಲ. ಇದ್ದದ್ದನ್ನು ಕಂಡವರೂ ಇಲ್ಲ.
"ಹಿಂದೆ ಇದ್ದಿರಬೇಕು" ಎನ್ನುತ್ತಿದ್ದರು ಅಪ್ಪ.
ಗೊತ್ತಿಲ್ಲದ್ದಕ್ಕೆಲ್ಲ ಅವರದು ಅದೇ ಉತ್ತರ.

ಮೂವತ್ತಾರು ವರ್ಷ ಪಾಂಡೇಶ್ವರದ ಅಂಚೆಕಚೇರಿಯಲ್ಲಿ
ಕಾಗದ ವಿಂಗಡಿಸಿದವನು ನಾನು.
ತಪ್ಪು ಪಿನ್‌ಕೋಡು, ಅರ್ಧ ಹೆಸರು, ಮಳೆಗೆ ಕದಡಿದ ಶಾಯಿ,
ಹೇಗೋ ಒಂದು ಬಾಗಿಲಿಗೆ ಮುಟ್ಟಿಸುತ್ತಿದ್ದೆ.
ನಿವೃತ್ತನಾದರೂ ಕೈ ಸುಮ್ಮನಿರಲಿಲ್ಲ,
ಇಗರ್ಜಿಯ ಕಪಾಟು ತೆರೆಸಿದೆ.

ಗೆದ್ದಲು ತಿಂದು ಮಿಗಿಸಿದ ಮದುವೆ ಪುಸ್ತಕ.
ಸಾವಿರದ ಎಂಟುನೂರ ಹನ್ನೆರಡು, ಫೆಬ್ರವರಿ.
ಯಾರೋ ಪಾದ್ರಿಯ ಓರೆ ಅಕ್ಷರ:
ಮದುಮಗಳು ಮರಿಯಾನ್. ತಾಯಿ ಇಝಬೆಲ್, ಇದೇ ಊರಿನವಳು.
ತಂದೆ ಲಗೇರ್, ಫ್ರೆಂಚ, ತೋಪಿನವ, ತೀರಿಹೋದವ.

ಹೆಬ್ಬೆರಳಿನಿಂದ ಮೊದಲ ಅಕ್ಷರ ಮುಚ್ಚಿದೆ.
ಗೇರ್.
ಶಾನುಭೋಗರ ಕಿವಿಗೆ ಅದು ಮರವಾಗಿ ಕೇಳಿಸಿರಬೇಕು,
ಕಡತದಲ್ಲಿ ನೆಟ್ಟುಬಿಟ್ಟರು.
ಇನ್ನೂರು ವರ್ಷ ಅದರ ನೆರಳಲ್ಲಿ ಕೂತವರು ನಾವು.

ಕಾಲೇಜಿನಲ್ಲಿ ಫ್ರೆಂಚ್ ಕಲಿಸುವ ಸಿಸ್ಟರ್ ಹೇಳಿದರು,
ಆ ಭಾಷೆಯಲ್ಲಿ ಅದರರ್ಥ ಯುದ್ಧ.

ಆಟಿಯ ಮಳೆ. ಒದ್ದೆ ಮದ್ದು. ಕೋಟೆಯೊಳಗೆ ಇಂಗ್ಲಿಷರು,
ಹೊರಗೆ ಸುಲ್ತಾನನ ದಂಡಿನ ಜೊತೆ ಇವನ ತೋಪು.
ಒಂದು ದಿನ ಹಡಗಿನಲ್ಲಿ ಸುದ್ದಿ ಬಂತು:
ಅಲ್ಲಿ ದೊರೆಗಳು ರಾಜಿಯಾಗಿದ್ದಾರೆ, ಇಲ್ಲಿ ನಿಲ್ಲಿಸಿ.
ಫ್ರೆಂಚರು ಬತ್ತಿ ಆರಿಸಿ ಹೊರಟರು. ಇವನೊಬ್ಬ ಹೊರಡಲಿಲ್ಲ.
ಯುದ್ಧ ನಿಂತಿತು, ಯುದ್ಧ ಎಂಬ ಹೆಸರಿನವ ಉಳಿದ,
ಕೆಲಸ ಕಳಕೊಂಡ ಹೆಸರನ್ನು ಹೊತ್ತುಕೊಂಡು.

ಮರುವರ್ಷ ಇಝಬೆಲಳ ಜನರನ್ನೆಲ್ಲ ಘಟ್ಟ ಹತ್ತಿಸಿದರು,
ಕೂಸು ಎನ್ನದೆ, ಮುದುಕರು ಎನ್ನದೆ.
ಅವಳೊಬ್ಬಳು ಇಲ್ಲೇ ಉಳಿದದ್ದು ಹೇಗೆ?

ಸೆರಾಫಿನ್ ಮಾಂಯ್ ಹೇಳುತ್ತಿದ್ದದ್ದು:
ತೋಪಿನಜ್ಜ ಅವಳನ್ನು ಅಕ್ಕಿಮುಡಿಗಳ ಹಿಂದೆ
ಮೂರು ರಾತ್ರಿ ಅಡಗಿಸಿಟ್ಟ. ದೇವರಂಥ ಮನುಷ್ಯ.
ಅವಳ ತಂಗಿ ಲಿಲ್ಲಿಬಾಯಿ ಎಲೆಯಡಿಕೆ ಉಗಿದು ಹೇಳುತ್ತಿದ್ದದ್ದು:
ಕಾವಲಿಗೆ ನಿಂತವನೇ ಅವನು, ಮಾರಾಯ.
ಸಾಲಿನಿಂದ ಒಬ್ಬಳನ್ನು ಆರಿಸಿಕೊಂಡ. ಅಷ್ಟೇ.
ಇಬ್ಬರೂ ಒಂದೇ ಬುಟ್ಟಿಯ ಬೂತಾಯಿ ಶುಚಿ ಮಾಡುತ್ತ
ಒಂದೇ ಮಣೆಯ ಮೇಲೆ ಕೂತಿರುತ್ತಿದ್ದರು.

ಫ್ರಾನ್ಸಿನ ದಾಖಲೆಮನೆಗೆ ಬರೆದೆ.
ಐದು ತಿಂಗಳ ಮೇಲೆ ಉತ್ತರ. ಸ್ಟಾಂಪು ಚೆಂದ ಉಂಟು.
ಲಗೇರ್ ಎಂಬುದು ಮನೆತನದ ಹೆಸರಲ್ಲ,
ದಂಡು ಸೇರಿದವರಿಗೆ ಇಡುತ್ತಿದ್ದ ಅಡ್ಡಹೆಸರು.
ಪಟ್ಟಿಯಲ್ಲಿ ಹದಿನೇಳು ಮಂದಿ ಇದ್ದಾರೆ.
ಒಬ್ಬ ನೇಕಾರನ ಮಗ. ಒಬ್ಬನಿಗೆ ಸಿಡುಬಿನ ಕಲೆ.
ಒಬ್ಬನ ಎತ್ತರ ಮಾತ್ರ ಬರೆದಿದೆ.
ತಮ್ಮವರು ಇವರಲ್ಲಿ ಯಾರು, ದಯವಿಟ್ಟು ತಿಳಿಸಿ.

ನಾನೇ ಕೇಳಿದ್ದು ಅದು.
ಇಂಥ ಕಾಗದಕ್ಕೆ ನಮ್ಮಲ್ಲೊಂದು ಮೊಹರು ಇತ್ತು:
ವಿಳಾಸದಾರರು ಪತ್ತೆಯಾಗಿಲ್ಲ.

ತಮ್ಮನ ಮಗಳು ಫೆಲ್ಸಿ, ಹೆಸರಿಗಾದರೂ ಇರಲಿ ಅಂತ,
ಮೂರು ವರ್ಷದ ಹಿಂದೆ ಕಸಿ ಗೇರು ತಂದು ನೆಟ್ಟಿದ್ದಳು.
ಈ ಸಲ ನಾಲ್ಕು ಹಣ್ಣು.
ಎಂಥ ಹಣ್ಣಪ್ಪ ಇದು, ಬೀಜ ಹೊರಗೆ ಜೋತುಬಿದ್ದಿದೆ,
ಒಳಗೂ ಬಾರದೆ, ಬಿಟ್ಟೂ ಹೋಗದೆ.

ತಿರುಚಿ ಕಿತ್ತು, ಹಸಿ ಬೀಜವನ್ನು ಸುಲಿಯಹೋದೆ.
ಸೊನೆ ಸಿಡಿಯಿತು, ಅದೇ ಹೆಬ್ಬೆರಳಿಗೆ.
ನಾಲ್ಕು ದಿನವಾಯಿತು, ಚರ್ಮ ಕಪ್ಪಾಗಿ ಎದ್ದು ಬರುತ್ತಿದೆ.
ತೆಂಗಿನೆಣ್ಣೆ ಹಚ್ಚಿ, ಹದಿನೇಳು ಹೆಸರಿನ ಹಾಳೆಯನ್ನು
ಎಡಗೈಯಲ್ಲಿ ಹಿಡಿದು ಓದುತ್ತಿದ್ದೇನೆ.