ಹಳ್ಳದ ತಲೆ

ಸಂಡೂರಲ್ಲಿ, ಬೆಳಗಿನ ಏಳಕ್ಕೆ, ಕುರಿ ಎಣಿಸಿದ ಹಾಗೆ ಎಣಿಸಿದ ನಮ್ಮನ್ನ:
ಹನ್ನೊಂದು ಮಂದಿ, ಒಂಬತ್ತು ನೀರಿನ ಬಾಟಲಿ,
ಸೆಂಟು ಬಳಿದುಕೊಂಡವರು ಇಬ್ಬರು.
"ನೀವು ಹಿಂದ ಬರ್ರಿ. ಕರಡಿಗೆ ಕಣ್ಣಿಗಿಂತ ಮೂಗು ಚುರುಕು."

ಹೊನ್ನೂರಸಾಬ್ ಅವನ ಹೆಸರು. ಖಾಕಿ ಅಂಗಿಯ ಜೇಬಿನ ಮೇಲೆ
'ಮಾರ್ಗದರ್ಶಿ' ಅಂತ ದಾರದಲ್ಲಿ ಹೊಲಿದದ್ದು,
ಕೊನೆಯ ಅಕ್ಷರದ ಗುಡಿಸು ಬಿಚ್ಚಿಹೋಗಿತ್ತು.
ಹೊಲಿಗೆಯವಳು ನಾನು, ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತೇನೆ. ದಿನಕ್ಕೆ ನೂರಿಪ್ಪತ್ತು ಜೇಬು.
ತೊಳೆಯುವ ಶೆಡ್ಡು ನಮ್ಮ ಗೋಡೆಯಾಚೆ;
ಅಲ್ಲಿಂದ ಮೋರಿಗೆ ಬೀಳುವ ನೀರಿಗೆ
ಆಕಾಶಕ್ಕೂ ಇಲ್ಲದಷ್ಟು ನೀಲಿ.
ಭಾನುವಾರ ಮಲಗುವುದು ಬಿಟ್ಟು ಇಲ್ಲಿಗ್ಯಾಕೆ ಬಂದೆ ಅಂದರೆ
ಸರಿಯಾದ ಉತ್ತರವಿಲ್ಲ. ಚೀಟಿ ಮೇಸ್ತ್ರಿಯ ಮಗಳದು, ಅವಳಿಗೆ ಜ್ವರ.

ಕಾಲುದಾರಿ ಹಳ್ಳಕ್ಕೆ ಎದುರಾಗಿ ಏರುತ್ತದೆ.
"ಇದು ಕೆಳಗ ಹೋಗಿ ದರೋಜಿ ಕೆರಿ ಸೇರ್ತೈತಿ,
ನಾವು ಮ್ಯಾಲ ಹೋಗಿ ಇದರ ತಲಿ ನೋಡೋಣ."
ಬಂದರಿಕೆ ಸೊಪ್ಪು ಕಿವುಚಿ ಮೂಸಲು ಕೊಟ್ಟ.
ಕಾರೆ ಮುಳ್ಳಿಗೆ ನನ್ನ ದುಪಟ್ಟಾ ಸಿಕ್ಕಾಗ "ಎಳೀಬ್ಯಾಡ" ಅಂದು
ಒಂದೊಂದೇ ಮುಳ್ಳು ಬಿಡಿಸಿದ,
ಕೆಟ್ಟ ಹೊಲಿಗೆಯನ್ನು ನಾನು ಬಿಚ್ಚುವಷ್ಟೇ ನಿಧಾನ.

ಒಡೆದ ಹುತ್ತ. ಪಕ್ಕದಲ್ಲಿ ಕರಡಿಯ ಲದ್ದಿ, ತುಂಬ ಬಾರೆ ಬೀಜ.
"ಮಳಿ ಬಂದ್ರ ಗಿಡ ಆಗ್ತಾವ. ಇಲಾಖಿಯವರಿಗಿಂತ ಹೆಚ್ಚು ಸಸಿ
ನೆಟ್ಟಾಳ ನಮ್ಮವ್ವ."
ಹೆಣ್ಣು ಅಂತ ಹೇಗೆ ಗೊತ್ತು, ಕೇಳಿದರು ಕ್ಯಾಮೆರಾದ ಮೇಷ್ಟ್ರು.
"ಬಾಜೂಕ ಸಣ್ಣ ಹೆಜ್ಜಿ ಕಾಣವಲ್ದೇನ್ರಿ?"

ಏರು ಮುಗಿದಲ್ಲಿ ಗಡಿಕಲ್ಲು. ಆಚೆಯ ಗುಡ್ಡ ಅರ್ಧ ಇತ್ತು,
ಉಳಿದರ್ಧ ಕೆಂಪು ಮೆಟ್ಟಿಲು,
ಯಾವ ಗುಡಿಗೂ ಹೋಗದ ಮೆಟ್ಟಿಲು.
ಹೊನ್ನೂರಸಾಬ್ ಆ ಕಡೆ ಕೈ ತೋರಿಸಲಿಲ್ಲ.
ಅದಿರು ಲಾರಿಯಲ್ಲಿ ಏಳು ವರ್ಷ ಕ್ಲೀನರ್ ಆಗಿದ್ದನಂತೆ.
ಹೇಳಿದ್ದು ಉಪ್ಪಿಟ್ಟಿನ ಡಬ್ಬಿ ಹೊತ್ತು ಬಂದ ಗಾಳೆಮ್ಮ, ದನಿ ತಗ್ಗಿಸಿ:
"ಆವಾಗ ಇವನ ಬನೀನು ಎಷ್ಟು ತೊಳದ್ರೂ ನೀರು ಕೆಂಪಗ.
ಹಳ್ಳಾನೂ ಹಂಗ ಇತ್ತು ಬಿಡವ್ವ."
ಉಗುರಿನ ಬುಡದ ನೀಲಿಯನ್ನು
ಡಬ್ಬಿಯ ಮುಚ್ಚಳದ ಕೆಳಗೆ ಇಟ್ಟುಕೊಂಡು ತಿಂದೆ.

ತಲೆ ಅಂದರೆ ಏನೇನೋ ಅಂದುಕೊಂಡಿದ್ದೆ.
ಬಂಡೆಯ ಬಿರುಕು, ಹಾವಸೆ, ಕೊಳೆತ ಎಲೆ.
ಒಂದು ಹನಿ ಕೂಡುತ್ತದೆ, ದಪ್ಪವಾಗುತ್ತದೆ, ಯೋಚಿಸುತ್ತದೆ,
ಬೀಳುತ್ತದೆ.
ಮೇಷ್ಟ್ರು ವಾಚು ಹಿಡಿದರು: ನಿಮಿಷಕ್ಕೆ ಇಪ್ಪತ್ತೆರಡು.
"ಇಷ್ಟೇನಾ?" ಅಂದ ಸೆಂಟಿನ ಹುಡುಗ.
"ಇಂಥವು ಈ ಗುಡ್ಡದಾಗ ನಲವತ್ತೊಂದು ಅದಾವ. ನಾನ ಎಣಿಸೀನಿ.
ಹೋದ ವರ್ಷ ನಲವತ್ಮೂರಿದ್ವು."

ಮುತ್ತುಗದ ಎಲೆ ಮಡಿಸಿ ಹನಿಯ ಕೆಳಗಿಟ್ಟ.
ಹನ್ನೊಂದು ಮಂದಿ ಕಾದೆವು.
ಯಾರೂ ಫೋನು ತೆಗೆಯಲಿಲ್ಲ. ಸುಳ್ಳು, ಇಬ್ಬರು ತೆಗೆದರು.
ನನ್ನ ಸರದಿಗೆ ನಾಲ್ಕು ಹನಿ:
ಕಬ್ಬಿಣದ ರುಚಿ, ಆಮೇಲೆ ಎಲೆಯದು, ಆಮೇಲೆ ಏನೂ ಇಲ್ಲ.

ಇಳಿದಾಗ ಬಸ್ಸಿಗಿನ್ನೂ ಅರ್ಧ ತಾಸು.
ಅವನ ಅಂಗಿ ಕೇಳಿ ಇಸಕೊಂಡೆ. ಪರ್ಸಿನಲ್ಲಿ ಸೂಜಿ ಇದ್ದೇ ಇರುತ್ತದೆ;
ದಾರ ಮಾತ್ರ ನೀಲಿ.
"ಯಾವ್ದಾದ್ರೂ ಆಗ್ಲಿ ತಗಾ," ಅಂದ, ಬನೀನಿನಲ್ಲಿ ನಾಚಿ ನಿಂತು.
ಗುಡಿಸು ಕೂರಿಸಿದೆ.
ದಾರ ಕಡಿಯಲು ಹಲ್ಲು ತಾಗಿಸಿದರೆ
ಜೇಬಿನ ತುಂಬ ಬಂದರಿಕೆ ಸೊಪ್ಪಿನ ವಾಸನೆ.