ಹತ್ತು ತೆತ್ರಿ

ತ್ಬಿಲಿಸಿಯ ಆ ಹಳೇ ಕಟ್ಟಡದಲ್ಲಿ ಲಿಫ್ಟಿಗೂ ಹೊಟ್ಟೆಪಾಡು:
ಹತ್ತು ತೆತ್ರಿ ನುಂಗಿದರೇ ಮೇಲೇಳುತ್ತದೆ.

ಲಮಾರಾ ನೀರಿನ ಬಿಲ್ಲುಗಳ ಕಚೇರಿಯಲ್ಲಿ
ಬೆಳಗಿನಿಂದ ಕೂತು ಬಂದವಳು.
ಕತ್ತು ಕೊರಡು. ಸೊಂಟ, ಯಾರದೋ ಸೊಂಟ.
ಡಾಕ್ಟರು ಬರೆದುಕೊಟ್ಟ ಈಜುಕೊಳದ ಫೀಸು ಕೇಳಿ
ನಕ್ಕು, ಚೀಟಿಯನ್ನು ನಾಲ್ಕು ಮಡಿಕೆ ಮಡಚಿ
ಅಲ್ಲಾಡುವ ಮೇಜಿನ ಕಾಲಡಿ ಇಟ್ಟಳು.
ಮೇಜು ಗುಣವಾಯಿತು.

ಅಂದಿನಿಂದ ನಾಣ್ಯ ಜೇಬಿನಲ್ಲೇ,
ಎಂಟು ಮಹಡಿ ಕಾಲಲ್ಲೇ.
ಎರಡರಲ್ಲಿ ಯಾರೋ ಅಕ್ರೋಟು ಕುಟ್ಟುತ್ತಾರೆ,
ಅದೇ ತಾಳಕ್ಕೆ ಹೆಜ್ಜೆ.
ನಾಲ್ಕರಲ್ಲಿ ಬಲ್ಬಿಲ್ಲ. ಕಣ್ಣು ಮುಚ್ಚಿಕೊಂಡೇ ಹತ್ತುತ್ತಾಳೆ,
ದಿನವಿಡೀ ಪರದೆ ಕಂಡ ಕಣ್ಣಿಗೆ
ಇಷ್ಟಾದರೂ ಪುಕ್ಕಟೆ ಕತ್ತಲು ಸಿಗಲಿ.
ಐದರಲ್ಲಿ ಕಂಬಿ ಹಿಡಿದು ಹಿಂದಕ್ಕೆ ಬಾಗಿದರೆ
ಬೆನ್ನು ತಾನೇ ಲಟಿಕೆ ಮುರಿಯುತ್ತದೆ.
"ಯಾರದು?" ಬಾಗಿಲ ಹಿಂದಿನಿಂದ ಝುಝುನಾ.
"ನಾನಲ್ಲ, ನನ್ನ ಬೆನ್ನು."

ಶನಿವಾರ ಮಾತ್ರ ಸಂತೆಯ ಚೀಲ ಭಾರ:
ಟೊಮೇಟೊ, ಉಪ್ಪುಪ್ಪು ಚೀಸು, ಒಂದು ಕಲ್ಲಂಗಡಿ.
ಚೀಲವನ್ನು ಲಿಫ್ಟಿನಲ್ಲಿ ಕೂರಿಸಿ
ಅದರ ಪ್ರಯಾಣದ ನಾಣ್ಯ ಹಾಕಿ
ಎಂಟು ಒತ್ತಿ ಹೊರಗೆ ನೆಗೆದು
ಮೆಟ್ಟಿಲ ಮೇಲೆ ಓಟ.

ಜೂನಿನಲ್ಲಿ ಗೆದ್ದದ್ದೆಲ್ಲ ಚೀಲವೇ.
ಒಮ್ಮೆಯಂತೂ ಇವಳು ಮುಟ್ಟುವಷ್ಟರಲ್ಲಿ
ಕೆಳಗೆ ಯಾರೋ ಗುಂಡಿ ಒತ್ತಿ
ಕಲ್ಲಂಗಡಿ ಮತ್ತೆ ನೆಲಕ್ಕಿಳಿದಿತ್ತು.

ಇವತ್ತು ಬಾಗಿಲು ಕಿರುಗುಟ್ಟಿ ತೆರೆದಾಗ
ಎದುರಿಗೇ ನಿಂತಿದ್ದಾಳೆ,
ಏದುಸಿರು, ಕೆಂಪು ಮುಖ, ಜಾರಿದ ಕ್ಲಿಪ್ಪು,
ನೆಂಟರನ್ನು ಕಾದವಳ ಹಾಗೆ:
"ತಡವಾಯಿತಲ್ಲ, ಬನ್ನಿ ಒಳಗೆ."