ಉತ್ತರ ಬಂದ ಮೇಲೆ

ಡಿಸೆಂಬರಿನ ಬಿಸಿಲು. ಸೆಮೊಂಕಾಂಗಿನ ಆಸ್ಪತ್ರೆಯ ಹಿಂದೆ
ಮಾತ್ರೆಯ ಡಬ್ಬಿಗಳನ್ನು ಕಂಬಳಿಯಲ್ಲಿ ಸುತ್ತಿ
ಜೀನಿಗೆ ಬಿಗಿಯುತ್ತಾ ಲೆಜ್ವೆಯನ್ನು ಬೈಯುತ್ತಿದ್ದೆ.
ಲೆಜ್ವೆ ಅಂದರೆ ನಮ್ಮಲ್ಲಿ ಕಲ್ಲು.
ಹೆಸರಿಟ್ಟವರು ಸುಮ್ಮನೆ ಇಟ್ಟಿರಲಿಲ್ಲ:
ಒದ್ದರೆ ಒಂದು ಹೆಜ್ಜೆ, ಬಡಿದರೆ ಎರಡು,
ಮೂರನೆಯದಕ್ಕೆ ಮತ್ತೆ ಮೊದಲಿನಿಂದ.
ಎಂಟು ಹಳ್ಳಿ, ಎರಡು ಹೊಳೆ.
ಸಂಜೆಗೆ ಅವನ ಗೊರಸಿಗಿಂತ
ನನ್ನ ಹಿಮ್ಮಡಿಯೇ ಹೆಚ್ಚು ಸವೆದಿರುತ್ತಿತ್ತು.

"ಕುದುರೆ ಕಂಡರೆ ಕಾಲುನೋವು" ಅಂದೆ
ಲಾಯದ ಮುದುಕ ರಾಮೊಲೆಫೆಗೆ.
"ಮನುಷ್ಯರ ಕಂಡರೆ ಬೆನ್ನುನೋವು ಅಂತ
ಅವುಗಳಲ್ಲೂ ಒಂದು ಗಾದೆ ಇರಬೇಕು" ಅಂದ,
ಪೈಪಿನ ಬೂದಿ ಕೊಡವಿಕೊಂಡು.
ಆಮೇಲೆ ಲೆಜ್ವೆಯ ಪಕ್ಕೆ ತೋರಿಸಿದ.
ಒಂದು ನೊಣ ಕೂತಿತ್ತು. ಬರೀ ನೊಣ.
ಅಷ್ಟೇ ಅಗಲದ ಚರ್ಮ, ಅಲ್ಲೇ,
ಕೆರೆಯ ನೀರಿನಂತೆ ನಡುಗಿತು. ನೊಣ ಹಾರಿತು.
ನಾನು ನನ್ನ ಬೂಟುಗಳನ್ನು ನೋಡಿಕೊಂಡೆ.

ಜೀನು ಇಳಿಸಿ ಅಡಿಯಲ್ಲಿ ಕೈಯಾಡಿಸು ಅಂದ.
ಭುಜದ ಮೂಳೆಯ ಹಿಂದೆ ಅಂಗೈಯಷ್ಟು ಬಿಸಿ.
ಎಷ್ಟೋ ಸಲ, ಮಗಳೇ, ಸೋಮಾರಿತನ ಅನ್ನುವುದು
ಗಾಯಕ್ಕೆ ನಾವಿಟ್ಟ ಹೆಸರು.

ಗಾಯ ಮಾಯಲು ಹದಿನೆಂಟು ದಿನ. ಆ ಮೇಲೆ ಪಾಠ:
ಮೊದಲು ಮೀನಖಂಡದಿಂದ ಕೇಳು, ಪಿಸುಮಾತಿನಷ್ಟು.
ಕೇಳಿಸಲಿಲ್ಲವೋ, ಗೊಣಗುತ್ತಾ ಕೂರಬೇಡ.
ಕೋಲಿನಿಂದ ಒಮ್ಮೆ, ಕಾಲಿನ ಹಿಂದೆಯೇ, ಸಿಟ್ಟಿಲ್ಲದೆ,
ಕದ ತಟ್ಟಿದ ಹಾಗೆ.
ಕದ ತೆರೆದ ಮೇಲೂ ತಟ್ಟುತ್ತಲೇ ಇರುವವನನ್ನು
ಯಾರು ಒಳಗೆ ಕರೆಯುತ್ತಾರೆ?
ಉತ್ತರ ಬಂದ ಮೇಲೂ ಕೇಳುತ್ತಲೇ ಇದ್ದರೆ
ಯಾರಾದರೂ ಕಿವುಡಾಗುತ್ತಾರೆ.

ನಾನೇ ಆಗಿದ್ದೆ. ಮಿಶನ್ ಶಾಲೆ, ಏಳರ ಮಗ್ಗಿ,
ತಪ್ಪಿದರೂ ಬೀಳುತ್ತಿತ್ತು, ಸರಿಯಾದರೂ ಬೀಳುತ್ತಿತ್ತು
ರೂಲುದೊಣ್ಣೆ. ಕೊನೆಗೆ ಬಾಯಿ ತೆರೆಯುವುದನ್ನೇ ಬಿಟ್ಟೆ.
ಹುಡುಗಿ ಸೋಮಾರಿ ಎಂದು ಚೀಟಿ ಬರೆದು
ಅಮ್ಮನಿಗೆ ಕಳಿಸಿದ್ದರು.

ಲೆಜ್ವೆ ಪಿಸುಮಾತಿಗೆ ಹೊರಟ ಮೊದಲ ದಿನ
ಖುಷಿಗೆ ಮೈಮರೆತು, ಹಳೆಯ ಚಾಳಿ, ಮತ್ತೆ ಒದ್ದೆ.
ನಿಂತುಬಿಟ್ಟ.
ಇಳಿದು ಅವನ ಕುತ್ತಿಗೆಗೆ ಕ್ಷಮೆ ಕೇಳಿದ್ದನ್ನು
ರಾಮೊಲೆಫೆ ನೋಡಿಯೂ ನೋಡದಂತಿದ್ದ.

ಲಾಳ ಕಳಚಿ ಲೆಜ್ವೆ ಕುಂಟಿದ ವಾರ
ಸಿಕ್ಕವಳು ಪುಲಾನೆ, ಬೂದುಬಣ್ಣದ ಹೆಣ್ಣುಗುದುರೆ.
ಕಂಬಳಿಯ ಅಂಚು ಹಾರಿದರೆ ಬೆಚ್ಚುವಳು,
ತನ್ನ ನೆರಳೇ ತನಗಿಂತ ಉದ್ದವಾದರೆ ಬೆಚ್ಚುವಳು.
ಕುದಿಯುವ ಪಾತ್ರೆಯಿಂದ ಕೈ ತೆಗೆದಂತೆ
ಎರಡೂ ಕಾಲು ಅವಳಿಂದ ದೂರ ಹಿಡಿದು ಕೂತಿದ್ದೆ.

"ಎಲ್ಲಿ ಹೋದೆ ನೀನು?" ಮುದುಕ ಕೂಗಿದ.
"ಹೆದರಿದವಳನ್ನು ಒಂಟಿ ಬಿಡಬೇಡ.
ಕಾಲು ಇಡು. ಒತ್ತಬೇಡ, ಇಡು.
ಇಲ್ಲದ ಕಾಲು ಥಟ್ಟನೆ ಬಂದು ತಾಕಿದರೆ
ಅವಳ ಪಾಲಿಗೆ ಅದು ಕಾಲಲ್ಲ, ಚಿರತೆ."
ಕೋಲನ್ನು ಅವಳಿಗೆ ಮೂಸಲು ಕೊಟ್ಟ.
ಅದರಿಂದಲೇ ಕುತ್ತಿಗೆ ಸವರಿದ, ಬೆನ್ನು ಸವರಿದ,
ಅದು ಮತ್ತೆ ಬರೀ ಕಾಡು ಆಲಿವಿನ ಕೊಂಬೆಯಾಗುವವರೆಗೆ.

ಕಮರಿಯ ಅಂಚಿನ ದಾರಿ. ಮಂಜು ಕವಿದಿತ್ತು.
ಬಂಡೆಯ ಹಿಂದಿನಿಂದ ಕುರಿಕಾಯುವ ಹುಡುಗನೊಬ್ಬ
ಕಂಬಳಿ ಹೊದ್ದು ಎದ್ದು ನಿಂತ, ಜೊತೆಗೆ ಮೂರು ನಾಯಿ.
ಪುಲಾನೆಯ ಬೆನ್ನು ನನ್ನಡಿಯಲ್ಲಿ ಬಿಲ್ಲಾಯಿತು.
ಲಗಾಮು ಜಗ್ಗಲು ಹೋದ ಬೆರಳುಗಳನ್ನು
ನಾನೇ ಒಂದೊಂದಾಗಿ ಬಿಡಿಸಿದೆ.
ಉಸಿರು ಬಿಟ್ಟೆ, ಹೊಟ್ಟೆಯ ತಳದಿಂದ, ನಿಧಾನಕ್ಕೆ.
ಅವಳ ಒಂದು ಕಿವಿ ಹಿಂದೆ ತಿರುಗಿತು, ನನ್ನ ಕಡೆಗೆ.
ಈ ಸಲ ಕೇಳುತ್ತಿದ್ದವಳು ಅವಳು.
ಕಾಲು ಇದ್ದಲ್ಲೇ ಇತ್ತು. ಅದೇ ನನ್ನ ಉತ್ತರ.
ನಡೆದಳು.

ಹುಡುಗನನ್ನು ದಾಟಿದಳು, ನಾಯಿಗಳನ್ನು ದಾಟಿದಳು,
ಮಂಜನ್ನೂ ದಾಟಿ, ಚೊಕ್ಕ ಬಿಸಿಲಲ್ಲಿ,
ಡಬ್ಬಿಯೊಳಗೆ ಮಾತ್ರೆಗಳು ಗಲಗಲ ಎಂದದ್ದಕ್ಕೆ
ಎರಡು ಮಾರು ಪಕ್ಕಕ್ಕೆ ಹಾರಿದಳು.
ಆಯಾಲು ಹಿಡಿದು ನಕ್ಕೆ.
ನಕ್ಕಿದ್ದು ಕೇಳಿ ಇನ್ನೊಂದು ಕಿವಿಯೂ ತಿರುಗಿತು.